ದೇವರ ನೀರು, ಊರಿನ ನಕಾಶೆ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಭಕ್ತರು ಗಂಗೆಯ ಕೊಳದ ಮುಂದೆ ಕೂತು, ಮನಸ್ಸಿನಲ್ಲೊಂದು ಬೇಡಿಕೆ ಇಟ್ಟುಕೊಂಡು ನೀರನ್ನೇ ನೋಡುತ್ತಾರೆ. ತೆಂಗಿನಕಾಯಿ, ಹೂವು, ಬಳೆ ತೇಲಿ ಬಂದರೆ ಗಂಗಮ್ಮನ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ತೊಟ್ಟಿಲು ಬಂದರೆ ಸಂತಾನಭಾಗ್ಯ ಎಂಬುದು ಇಲ್ಲಿನ ನಂಬಿಕೆ.

ಆ ನೀರು ದೇವರದು ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಇಂಥ ಕೊಳಗಳಿಗೆ ನೀರುಣಿಸುವ ನೆಲ ಯಾರದು? ಮಳೆ ಬಿದ್ದು ಇಂಗುವ ಗುಡ್ಡ, ಹಳ್ಳ, ಹೊಲಗಳಿಗೆ ಸರ್ವೆ ನಂಬರ್ ಇದೆ, ಪಹಣಿ ಇದೆ, ಒಡೆಯರಿದ್ದಾರೆ. ಆ ಒಡೆಯರು ತಮ್ಮ ನೆಲದಲ್ಲಿ ಸಾಲುಸಾಲು ಕೊಳವೆಬಾವಿ ಕೊರೆಸಿದರೆ, ಕಲ್ಲು ಒಡೆಸಿದರೆ, ಲೇಔಟ್ ಮಾಡಿ ಮಾರಿದರೆ, ಬೇಡ ಎನ್ನುವ ಹಕ್ಕು ಯಾರಿಗಿದೆ? ಇದು ಕಾನೂನಿನ ಪ್ರಶ್ನೆ ಎಷ್ಟೋ ಧರ್ಮದ ಪ್ರಶ್ನೆಯೂ ಅಷ್ಟೇ.

ಕಾನೂನಿನ ಉತ್ತರ ನೇರವಾಗಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿಗೊಂದು ಮಾಸ್ಟರ್ ಪ್ಲಾನ್ ಬೇಕು. ವಸತಿ ಎಲ್ಲಿ, ಅಂಗಡಿ ಎಲ್ಲಿ, ಕಾರ್ಖಾನೆ ಎಲ್ಲಿ, ಉದ್ಯಾನ ಎಲ್ಲಿ ಎಂದು ಅದು ಬಣ್ಣ ಹಚ್ಚಿ ತೋರಿಸುತ್ತದೆ. ಬೇಸಾಯದ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕೆಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಬೇಕು. ಮನೆಯ ಪಕ್ಕದಲ್ಲಿ ಹೊಗೆ ಬೇಡ, ಬೀದಿಯೊಳಗೆ ಅಗ್ನಿಶಾಮಕ ವಾಹನ ತಿರುಗಬೇಕು, ಮಳೆನೀರು ಹರಿಯಲು ದಾರಿ ಇರಬೇಕು ಎಂಬ ಕಾರಣಗಳು ಎಲ್ಲರಿಗೂ ಅರ್ಥವಾಗುವಂಥವು.

ಇದೇನು ಪೇಟೆಯಿಂದ ಬಂದ ಹೊಸ ಪಾಠವೂ ಅಲ್ಲ. ಯಾವುದೇ ಹಳ್ಳಿಯ ಗ್ರಾಮ ನಕಾಶೆ ಬಿಚ್ಚಿದರೂ ಹೊಲಗಳ ನಡುವೆ ಹಳ್ಳ ಹರಿದಿರುತ್ತದೆ, ಬಂಡಿದಾರಿ ಸಾಗಿರುತ್ತದೆ; ಗೋಮಾಳ, ಗುಂಡುತೋಪು, ಸ್ಮಶಾನ, ಕೆರೆ ಅಂಗಳ ಗುರುತಾಗಿರುತ್ತವೆ. ದಾರಿ, ಹಳ್ಳ, ಸ್ಮಶಾನದಂಥ ಜಾಗಗಳನ್ನು ಕಂದಾಯದವರು ಬಿ ಖರಾಬು ಎನ್ನುತ್ತಾರೆ. ಅವು ಒಬ್ಬರ ಹೊಲದೊಳಗೇ ಹಾದುಹೋದರೂ ಸಾರ್ವಜನಿಕರ ಸ್ವತ್ತು. ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಬಿಡಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಅರ್ಜಿ ಹಾಕಲು ಬಾರದ ದನಕರುಗಳಿಗೂ ಕಾನೂನು ನೆಲದಲ್ಲಿ ಪಾಲಿಟ್ಟಿದೆ.

ಭೂಮಿ ದೇವರದು, ಮನುಷ್ಯ ಅದನ್ನು ಅನುಭವಿಸಿ ಬಿಟ್ಟುಹೋಗುವವನು ಎಂಬ ಭಾವ ಈಶಾವಾಸ್ಯ ಉಪನಿಷತ್ತಿನಿಂದ ಶರಣರ ದಾಸೋಹದವರೆಗೆ ಹರಿದುಬಂದಿದೆ. ನಮ್ಮ ನ್ಯಾಯಾಲಯಗಳಂತೂ ಗುಡಿಯ ದೇವರನ್ನು ಆಸ್ತಿ ಹೊಂದಬಲ್ಲ ವ್ಯಕ್ತಿಯೆಂದೇ ಒಪ್ಪಿವೆ. ಅದೂ ಎಂದಿಗೂ ಪ್ರಾಯಕ್ಕೆ ಬಾರದ ಮಗುವಿನಂತೆ. ತನ್ನ ಪರವಾಗಿ ತಾನು ಮಾತನಾಡಲಾಗದವನ ಸ್ವತ್ತನ್ನು ಉಳಿದವರು ಕಾಯಬೇಕು ಎಂಬುದು ಅದರ ತಿರುಳು. ಭೂಬಳಕೆಯ ಕಟ್ಟಳೆಗಳಿಗೂ ನೈತಿಕ ಬಲ ಬರುವುದು ಇಲ್ಲಿಂದಲೇ. ಕೆಳಹರಿವಿನ ಊರಿನವರು, ಇನ್ನೂ ಹುಟ್ಟದ ಮಕ್ಕಳು, ಮೇಯುವ ದನ, ಹರಿಯುವ ನೀರು ಯಾರೂ ಒಡೆಯನ ಕ್ರಯಪತ್ರಕ್ಕೆ ಸಹಿ ಹಾಕಿದವರಲ್ಲ. ಅವರ ಪರವಾಗಿ ಯಾರಾದರೂ ಬೇಡ ಎನ್ನಲೇಬೇಕು.

ವೇದಾವತಿ ನದಿಯ ಕಥೆ ನೋಡಿ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಅದಕ್ಕೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅಷ್ಟರಲ್ಲಿ ಮೂರು ತಲೆಮಾರು ಕಳೆದಿತ್ತು. ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನ ತೋಟಗಳಿಗೆ ನೀರು ನುಗ್ಗಿದಾಗ ಕಣ್ಣೀರಿಟ್ಟ ರೈತರನ್ನು ದೂರುವಂತಿಲ್ಲ. ಅಪ್ಪ, ತಾತ ಯಾರೂ ಕಾಣದ ನೀರದು. ಜನರ ನೆನಪಿಗೆ ನಿಲುಕದ್ದನ್ನು ನಕಾಶೆ ನೆನಪಿಟ್ಟುಕೊಂಡು ಹೇಳಬೇಕಿತ್ತು.

ಕೆಟ್ಟದ್ದನ್ನು ತಡೆಯುವುದು ಸುಲಭ. ಒಳ್ಳೆಯದೇ ಇನ್ನೊಂದು ಒಳ್ಳೆಯದರ ಜಾಗ ಕೇಳಿದಾಗ ಏನು ಮಾಡುವುದು? ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಉದ್ಯಾನವನ್ನು ಉಳಿಸಿತು. ಆಸ್ಪತ್ರೆಯೂ ಬೇಕಾದದ್ದೇ, ಆದರೆ ಎಲ್ಲರಿಗೆಂದು ಮೀಸಲಿಟ್ಟ ಬಯಲನ್ನು ಮೇಲಿನವರ ಇಚ್ಛೆಯಂತೆ ಒಬ್ಬರ ಕೈಗೆ ಕೊಡಲಾಗದು.

ಚಿತ್ರದುರ್ಗ ಜಿಲ್ಲೆಯಲ್ಲಿ ಇದೇ ಪ್ರಶ್ನೆ ಸಾವಿರಾರು ಎಕರೆಯ ಅಳತೆಯಲ್ಲಿ ಎದುರಾಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ, ಅಂದರೆ ದನ ಮೇಯಲೆಂದು ಬಿಟ್ಟ ಹುಲ್ಲುಗಾವಲುಗಳಲ್ಲಿ, ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿತು. ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೂ ಪಾಲು ಬಂತು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ನಿಜ. ಆದರೆ ಈ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿಗಳು ಅವುಗಳ ಜೊತೆಗೇ ಬದುಕುತ್ತಾರೆ. ಮೇಯುವ ಬಯಲು ಕರಗುತ್ತ ಹೋದರೆ ಆ ವ್ರತ ಯಾವ ನೆಲದ ಮೇಲೆ ನಿಲ್ಲಬೇಕು? ಸಂವಿಧಾನ ಕೊಟ್ಟ ಧಾರ್ಮಿಕ ಸ್ವಾತಂತ್ರ್ಯ ಗುಡಿಯ ನಾಲ್ಕು ಗೋಡೆಗೆ ಮುಗಿಯುವುದಾದರೆ ಕಿಲಾರಿಗೆ ಅದರಿಂದ ದಕ್ಕುವುದು ಬಹಳ ಕಡಿಮೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಇಲ್ಲಿ ಇದು, ಅಲ್ಲಿ ಅದು ಎಂದು ಗೆರೆ ಎಳೆಯುವ ವಿದ್ಯೆಯನ್ನು ನಮ್ಮ ಊರುಗಳು ಕ್ರೌರ್ಯಕ್ಕೂ ಬಳಸಿವೆ. ದಲಿತರ ಕೇರಿ ಊರಾಚೆ ಇದ್ದದ್ದು ಗಾಳಿ ಬೆಳಕಿನ ಲೆಕ್ಕದಿಂದಲ್ಲ. ಕಾಡುಗೊಲ್ಲರ ಹಟ್ಟಿಗಳಲ್ಲಿ ದೇವರ ಮಡಿಯ ಹೆಸರಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು, ಹಸಿಬಾಣಂತಿಯರನ್ನು ಹೊರಗಿನ ಗುಡಿಸಲಿಗೆ ಕಳಿಸಿದ್ದೂ ಒಂದು ಗೆರೆಯೇ. ಅಮೆರಿಕದ ಲೂಯಿವಿಲ್ ನಗರ ಕರಿಯರು, ಬಿಳಿಯರು ಯಾವ ಬೀದಿಯಲ್ಲಿ ಮನೆ ಮಾಡಬೇಕೆಂದು ಕಾನೂನನ್ನೇ ಮಾಡಿತ್ತು. ಅಲ್ಲಿನ ಸುಪ್ರೀಂ ಕೋರ್ಟು 1917ರಲ್ಲಿ ಅದನ್ನು ರದ್ದು ಮಾಡಿತು.

ಹಾಗಾದರೆ ಗೋಮಾಳದ ಗೆರೆಗೂ ಕೇರಿಯ ಗೆರೆಗೂ ವ್ಯತ್ಯಾಸವೇನು? ಗೋಮಾಳದ ಗೆರೆ ಬಲವುಳ್ಳವನ ಕೈ ಹಿಡಿದು ನಿಲ್ಲಿಸುತ್ತದೆ, ಏನೂ ಇಲ್ಲದವನ ಕುರಿಗೂ ಹುಲ್ಲು ಉಳಿಸುತ್ತದೆ. ಕೇರಿಯ ಗೆರೆ ಬಲವಿಲ್ಲದವರನ್ನೇ ಹೊರಗಿಡುತ್ತದೆ, ಅವರನ್ನು ಒಂದು ಮಾತೂ ಕೇಳದೆ. ಮೊದಲನೆಯದು ನೆಲದ ಬಳಕೆಗೆ ಹಾಕಿದ ಮಿತಿ, ಎರಡನೆಯದು ಮನುಷ್ಯರ ಮೇಲೆ ಹಾಕಿದ ಮೊಹರು. ದೇವರ ಹೆಸರು ಎರಡಕ್ಕೂ ಬಳಕೆಯಾಗಿದೆ. ಆದ್ದರಿಂದ ಪಾವಿತ್ರ್ಯವೊಂದನ್ನೇ ಪ್ರಮಾಣವಾಗಿ ಒಪ್ಪುವಂತಿಲ್ಲ.

ಗೆರೆ ಯಾರಿಗೆ ತಟ್ಟುತ್ತದೋ ಅವರನ್ನು ಮೊದಲು ಕೇಳಬೇಕು. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಕಾಯ್ದೆ ಸಾರ್ವಜನಿಕರಿಗೆ 60 ದಿನ ಕೊಡುತ್ತದೆ. ಪತ್ರಿಕೆಯಲ್ಲೊಂದು ಪ್ರಕಟಣೆ, ಕಚೇರಿಯ ಗೋಡೆಗೊಂದು ನಕಾಶೆ ಅಂಟಿಸಿದರೆ ಅದು ಕಿಲಾರಿಗೆ, ಕೇರಿಯ ಕೂಲಿಗೆ, ಹಟ್ಟಿಯ ಹೆಣ್ಣುಮಗಳಿಗೆ ತಲುಪುವುದಿಲ್ಲ. ಆ ನಕಾಶೆಯನ್ನು ಗ್ರಾಮಸಭೆಯಲ್ಲಿ ಹರಡಿ, ಸರ್ವೆ ನಂಬರಿನ ಬದಲು ಹಳ್ಳದ ಹೆಸರು, ತೋಪಿನ ಹೆಸರು ಹಿಡಿದು ಓದಿ ಹೇಳಬೇಕು. ಅವರಾಡಿದ ಆಕ್ಷೇಪಣೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಈ ಕೆಲಸಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಪಂಚಾಯಿತಿಯವರೂ ಯೋಜನಾ ಪ್ರಾಧಿಕಾರದವರೂ ಮನಸ್ಸು ಮಾಡಿದರೆ ಮುಂದಿನ ಗ್ರಾಮಸಭೆಯಲ್ಲೇ ಶುರು ಮಾಡಬಹುದು.