ಗುಹೆಗೆ ಹೋಗದಿದ್ದರೆ ನಡೆದೀತು

ಫ್ರಾನ್ಸಿನ ಲಾಸ್ಕೋ ಗುಹೆಯ ಗೋಡೆಗಳ ಮೇಲೆ ಸುಮಾರು 17,000 ವರ್ಷಗಳ ಹಿಂದೆ ಮನುಷ್ಯ ಬರೆದ ಕುದುರೆ, ಕಾಡುಗೂಳಿ, ಜಿಂಕೆಗಳಿವೆ. 1940ರಲ್ಲಿ ನಾಲ್ವರು ಹುಡುಗರ ಕಣ್ಣಿಗೆ ಬಿದ್ದ ಗುಹೆ 1948ರಲ್ಲಿ ಜನರಿಗೆ ತೆರೆಯಿತು. ದಿನಕ್ಕೆ ಸಾವಿರಕ್ಕೂ ಮಿಕ್ಕಿ ಜನ ಬರತೊಡಗಿದರು. ಕೆಡಿಸಲೆಂದು ಬಂದವರಲ್ಲ, ನೋಡಿ ಬೆರಗಾಗಲು ಬಂದವರು. ಆದರೆ ಅವರ ಉಸಿರು, ಮೈಯ ಬಿಸಿ, ತೇವ, ಚಿತ್ರಗಳು ಕಾಣಲೆಂದು ಹಾಕಿದ ದೀಪ ಎಲ್ಲ ಸೇರಿ ಗೋಡೆಯ ಮೇಲೆ ಹಸಿರು ಪಾಚಿ ಹಬ್ಬಿತು. 1963ರಲ್ಲಿ ಬಾಗಿಲು ಮುಚ್ಚಿದರು. ಮುಂದೆ ಹತ್ತಿರದಲ್ಲೇ ಅದರ ಪ್ರತಿಕೃತಿ ಎದ್ದಿತು. ಈಗ ಹೆಡ್‌ಸೆಟ್ ಧರಿಸಿ ಅದೇ ಗುಹೆಯೊಳಗೆ ಅಡ್ಡಾಡಬಹುದು.

ವರ್ಚುವಲ್ ರಿಯಾಲಿಟಿ (ವಿಆರ್) ಎಂದೊಡನೆ ನಮ್ಮಲ್ಲಿ ಹಲವರು ಮುಖ ಸಿಂಡರಿಸುತ್ತಾರೆ. ನಡೆಯದೆ, ಬೆವರದೆ ಆಗುವ ಪ್ರವಾಸ ಎಂಥದ್ದು ಎಂಬ ಪ್ರಶ್ನೆ ಅವರದು. ಆದರೆ ಲಾಸ್ಕೋದ ಮಟ್ಟಿಗೆ ಹೋಗದೆ ಇರುವುದೇ ಗೌರವ. ಪ್ರೀತಿಯಿಂದ ಇಟ್ಟ ಹೆಜ್ಜೆಯೂ ನೋಯಿಸುವಂಥ ಜಾಗಗಳಿವೆ. ಅಂಥವನ್ನು ಮುಟ್ಟದೆ ಕಾಣುವ ದಾರಿ ತೆರೆದಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ನನ್ನ ಅಳಲು ಬೇರೆಡೆ ಇದೆ. 2015ರಲ್ಲಿ ವಿಶ್ವಸಂಸ್ಥೆಯ ಬೆಂಬಲದಿಂದ ‘ಕ್ಲೌಡ್ಸ್ ಓವರ್ ಸಿದ್ರಾ’ ಎಂಬ ವಿಆರ್ ಚಿತ್ರ ಬಂತು. ಜೋರ್ಡಾನಿನ ಝಾತರಿ ಶಿಬಿರದಲ್ಲಿದ್ದ ಸಿರಿಯಾದ 12 ವರ್ಷದ ನಿರಾಶ್ರಿತ ಹುಡುಗಿ ಅದರಲ್ಲಿ ತನ್ನ ಮನೆ, ಶಾಲೆ, ಓಣಿಗಳನ್ನು ತೋರಿಸುತ್ತಾಳೆ. ವಿಶ್ವ ಆರ್ಥಿಕ ಸಭೆಗೆಂದು ದಾವೋಸ್‌ನಲ್ಲಿ ಸೇರಿದ್ದ ಗಣ್ಯರಿಗೆ ಅದನ್ನು ತೋರಿಸಲಾಯಿತು. ರೂಪಿಸಿದವರಲ್ಲೊಬ್ಬರಾದ ಕ್ರಿಸ್ ಮಿಲ್ಕ್, ಪರರ ನೋವು ಅರಿಯುವಂತೆ ಮಾಡುವ ಯಂತ್ರವಿದು ಎಂದು ವಿಆರ್ ಅನ್ನು ಕೊಂಡಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಹುಡುಗಿಯ ಎದುರಿಗೇ ಕುಳಿತಂತೆ ನಮಗೆ ಅನಿಸುತ್ತದೆ, ಅವಳಿಗೆ ನಾವು ಕಾಣುವುದಿಲ್ಲ. ನಿಮ್ಮ ದೇಶದಲ್ಲಿ ನಮಗೆ ಜಾಗವಿದೆಯೇ ಎಂದು ಅವಳು ನಮ್ಮನ್ನು ಕೇಳಲಾರಳು. ಸಾಕೆನಿಸಿದರೆ ಹೆಡ್‌ಸೆಟ್ ಕಳಚಿಟ್ಟು ಎದ್ದುಬಿಡುತ್ತೇವೆ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರುವವರ ಎದುರಿನಿಂದ ಹಾಗೆ ಏಳಲು ಸಂಕೋಚವಾಗುತ್ತದೆ. ಆ ಸಂಕೋಚವೇ ಎಷ್ಟೋ ಸಲ ನಮ್ಮ ಕೈಯಿಂದ ಒಳ್ಳೆಯ ಕೆಲಸ ಮಾಡಿಸಿದೆ. ನಾವು ಬಾರದಿದ್ದರೆ ಗುಹೆಗೆ ನಷ್ಟವಿಲ್ಲ, ಮನುಷ್ಯರಿಗೆ ಇದೆ.

ಇದು ದೂರದ ಶಿಬಿರದ ಮಾತಷ್ಟೇ ಅಲ್ಲ. ಹಾಸಿಗೆ ಹಿಡಿದ ಅಜ್ಜಿಗೆ ಮೊಮ್ಮಗ ಹೆಡ್‌ಸೆಟ್ ತೊಡಿಸಿ ಕಾಶಿಯ ಗಂಗಾರತಿ ತೋರಿಸಿದರೆ ಅದು ಪುಣ್ಯದ ಕೆಲಸ. ದಶಾಶ್ವಮೇಧ ಘಾಟಿನ ಮೆಟ್ಟಿಲು ಇಳಿಯುವ ಶಕ್ತಿ ಆ ಮಂಡಿಗಳಿಗೆ ಇನ್ನು ಬಾರದು. ಅಜ್ಜಿ ಕೈಮುಗಿಯುತ್ತಾಳೆ, ಕಣ್ತುಂಬಿಕೊಳ್ಳುತ್ತಾಳೆ. ಆದರೆ ಹೆಡ್‌ಸೆಟ್ ತೊಟ್ಟವರಿಗೆ ಕೋಣೆಯಲ್ಲಿ ಯಾರಿದ್ದಾರೆ, ಯಾರು ಎದ್ದುಹೋದರು ಎಂಬುದು ಕಾಣುವುದಿಲ್ಲ. “ನೋಡ್ತಾ ಇರಜ್ಜಿ, ಬಂದೆ” ಎಂದು ಹೇಳಿ ತನ್ನ ಕೆಲಸಕ್ಕೆ ಹೋಗಿಬಿಡುವುದು ಬಹಳ ಸುಲಭ. ಕಾಶಿಗೆ ಹೋಗಿ ಬಂದವರು ಸಮಾರಾಧನೆ ಮಾಡಿ ಬಂಧುಬಳಗಕ್ಕೆ ಊಟ ಹಾಕುವ ರೂಢಿ ನಮ್ಮಲ್ಲಿದೆ. ಕಂಡು ಬಂದದ್ದನ್ನು ನಾಲ್ಕು ಜನರೊಡನೆ ಹಂಚಿಕೊಂಡ ಮೇಲೆಯೇ ಯಾತ್ರೆ ಮುಗಿಯುವುದು. ಮನೆಯ ಹಿರಿಯರಿಗೆ ಹೆಡ್‌ಸೆಟ್ ತೊಡಿಸಿದಾಗ ದಯವಿಟ್ಟು ಅವರ ಪಕ್ಕದಲ್ಲೇ ಕುಳಿತಿರಿ. ಕಳಚಿದ ಮೇಲೆ ಏನೇನು ಕಂಡಿರಿ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಏಳಬೇಡಿ.