ಪೂರ್ವಿಕರನ್ನು ಸನ್ಮಾನಿಸುವ ಬಗೆ

ನಮ್ಮ ಹಿರಿಯರು ಯಾರು, ಎಲ್ಲಿಂದ ಬಂದರು, ಹೇಗೆ ಬಾಳಿದರು ಎಂದು ತಿಳಿಯಬೇಕೆಂಬ ಆಶೆಯು ಮನುಷ್ಯನಿಗೆ ಸಹಜವಾದದ್ದು. ಆ ಆಶೆಯನ್ನು ತೀರಿಸುವದಕ್ಕೆ ನಮ್ಮ ನಾಡಿನಲ್ಲಿ ಪೂರ್ವಕಾಲದಿಂದಲೂ ಉಪಾಯಗಳುಂಟು. ಬಡಗಣ ಕರ್ನಾಟಕದ ಹಳ್ಳಿಗಳಲ್ಲಿ ಹೆಳವರು ಎತ್ತಿನ ಮೇಲೆ ಕುಳಿತು ಬಂದು, ಒಕ್ಕಲಿನವರ ಮನೆಯ ಮುಂದೆ ನಿಂತು, ಆ ಮನೆತನದ ತಲೆತಲಾಂತರದ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡು, ಕಾಳುಕಡಿಗಳನ್ನು ಪಡೆದು ಹೋಗುವರು. ಹರಿದ್ವಾರದ ಪಂಡರು ಯಾತ್ರಿಕರ ವಂಶಾವಳಿಗಳನ್ನು ಬಹಿಗಳಲ್ಲಿ ಬರೆದಿಡುವರು. ಇಂಗ್ಲೆಂಡ್ ದೇಶದಲ್ಲಿ ಪ್ರತಿಯೊಂದು ಸಭೆಯೂ ದೀಕ್ಷಾಸ್ನಾನ, ವಿವಾಹ, ಸಮಾಧಿ ಇವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲಿ ಅಪ್ಪಣೆಯಾಯಿತು. 1834ರಲ್ಲಿ ಬಾಸೆಲ್ ಮಿಶನಿನ ಮೂವರು ಬೋಧಕರು ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ ಕೆಲಸ ಹಿಡಿದ ಮೇಲೆ, ಇಂಥ ಸಭಾಪುಸ್ತಕಗಳು ನಮ್ಮ ಸೀಮೆಯಲ್ಲಿಯೂ ಬೆಳೆದವು. ಹೆಳವರ ಲೆಕ್ಕದಲ್ಲಿ ಹೆಚ್ಚಾಗಿ ಗಂಡುಸಂತತಿಯವರ ಹೆಸರುಗಳೇ ಇರುವವು. ಸಭೆಯ ಪುಸ್ತಕದಲ್ಲಾದರೋ ಹೆಂಗಸರೂ ಕೂಲಿಯವರೂ ಒಂದೊಂದು ಸಾಲನ್ನು ಪಡೆದರು.

ಆದರೆ ಹಳೆಯ ಪುಸ್ತಕಗಳನ್ನು ತೆರೆಯುವವನು ತಾನು ಬಯಸಿದ್ದನ್ನೇ ಕಾಣುವನೆಂಬ ನಿಶ್ಚಯವಿಲ್ಲ. ಬಯಸದೆ ಇದ್ದದ್ದು ಕಂಡರೆ ಅವನು ಮಾಡತಕ್ಕದ್ದೇನು? ಪ್ರಿಯ ವಾಚಕರೇ, ಈ ಪ್ರಶ್ನೆಯು ನನ್ನ ಸ್ವಂತ ಮನೆಯಲ್ಲಿ ಎದ್ದದ್ದರಿಂದ ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಕೆಲವು ವರುಷಗಳ ಹಿಂದೆ ನನ್ನ ಸೋದರಮಾವನವರು ತಮ್ಮ ಮೊಮ್ಮಗಳ ಮದುವೆಯ ಕಾಲದಲ್ಲಿ ಮನೆತನದ ಚರಿತ್ರೆಯನ್ನು ಚಿಕ್ಕ ಪುಸ್ತಕವಾಗಿ ಅಚ್ಚುಹಾಕಿಸಿ ನೆಂಟರಿಷ್ಟರಿಗೆ ಹಂಚಬೇಕೆಂದು ಮನಸ್ಸುಮಾಡಿದರು. ಅವರ ಅಜ್ಜಿಯ, ಅಂದರೆ ನನ್ನ ಮುತ್ತಜ್ಜಿಯ, ಸಂಗತಿಯನ್ನು ಹುಡುಕುವ ಕೆಲಸವನ್ನು ನನಗೆ ಒಪ್ಪಿಸಿದರು. ಆಕೆಯು ಒಬ್ಬ ಗೌಡರ ಮನೆಯ ಮಗಳೆಂದೂ ಬರಗಾಲದಲ್ಲಿ ತನ್ನವರಿಂದ ಅಗಲಿ ಮಿಶನಿನವರ ಆಶ್ರಯಕ್ಕೆ ಬಂದಳೆಂದೂ ನಮ್ಮಲ್ಲಿ ಹೇಳಿಕೆಯಿತ್ತು. ಆಕೆಯಾದರೋ ತನ್ನನ್ನು “ಧಾತು ಬರದ ಕೂಸು” ಎಂದಷ್ಟೇ ಹೇಳಿಕೊಳ್ಳುತ್ತಿದ್ದಳಂತೆ.

ಆ ಒಂದು ಮಾತಿನಿಂದ ನನಗೆ ದಾರಿ ತೋರಿತು. ಸಂವತ್ಸರಗಳು 60 ವರುಷಕ್ಕೊಮ್ಮೆ ತಿರುಗಿ ಬರುವವಷ್ಟೆ. ಧಾತು ಸಂವತ್ಸರವು 1816ರಲ್ಲಿಯೂ 1876ರಲ್ಲಿಯೂ 1936ರಲ್ಲಿಯೂ ಆರಂಭವಾಯಿತು. ಆಕೆಯ ಮಗನು 1900ರ ಸುಮಾರಿಗೆ ಹುಟ್ಟಿದವನಾದ ಕಾರಣ ಆಕೆ ಹೇಳಿದ ಧಾತುವು 1876ರದ್ದೇ ಆಗಿರಬೇಕು. ಆ ವರುಷ ಮಳೆ ತಪ್ಪಿ, ಮುಂದಿನ ಈಶ್ವರ ಸಂವತ್ಸರದಲ್ಲಿಯೂ ಸಂಕಟವು ತೀರದೆ, ಧಾರವಾಡ, ಕಲಾದಗಿ, ಬಳ್ಳಾರಿ ಜಿಲ್ಲೆಗಳೂ ಮೈಸೂರು ಸೀಮೆಯೂ ಬೆಂದುಹೋದವು. ಮೈಸೂರು ಸೀಮೆಯಲ್ಲಿ 1871ರ ಜನಗಣತಿಯ ಪ್ರಕಾರ 50 ಲಕ್ಷಕ್ಕೆ ಮೇಲಿದ್ದ ಜನರು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದರು. ಇಂಥ ಕಾಲದಲ್ಲಿ ಎಷ್ಟು ಮಕ್ಕಳು ದಾರಿಯ ಬದಿಯಲ್ಲಿ ಉಳಿದರೆಂಬದನ್ನು ಯಾರು ಎಣಿಸಬಲ್ಲರು?

ಸಭೆಯ ಹಿರಿಯರ ಅಪ್ಪಣೆಯನ್ನು ಪಡೆದು ನಾನು 1878ರ ದೀಕ್ಷಾಸ್ನಾನದ ಪುಸ್ತಕವನ್ನು ತೆರೆದೆನು. ಗೆದ್ದಲು ತಿಂದು ಅಂಚು ಸವೆದ ಒಂದು ಪುಟದಲ್ಲಿ ಆಕೆಯ ಹೆಸರು ಸಿಕ್ಕಿತು. ಅದರ ಮುಂದೆ ಬರೆದದ್ದಿಷ್ಟೇ: ವಯಸ್ಸು ಸುಮಾರು 6; ಊರು ತಿಳಿಯದು; ತಂದೆ ತಿಳಿಯದು; ತಾಯಿ ತಿಳಿಯದು. ಅದೇ ಪುಟದಲ್ಲಿ ಬೇರೆ ಹನ್ನೊಂದು ಮಕ್ಕಳ ಹೆಸರುಗಳಿದ್ದವು. ಅವರೆಲ್ಲರ ಮುಂದೆಯೂ ಅದೇ ಮಾತು. ಗೌಡರ ಮನೆಯ ಸುದ್ದಿಯು ಎಲ್ಲಿಯೂ ಇರಲಿಲ್ಲ.

ನಾನು ಇದನ್ನು ತಿಳಿಸಿದಾಗ ಮಾವನವರು ಬಹಳ ಹೊತ್ತು ಸುಮ್ಮನಿದ್ದು, “ತಮ್ಮಾ, ಆ ಸ್ಥಳದಲ್ಲಿ ಗೌಡರ ಮನೆಯವಳೆಂದು ನಾವು ಬರೆದರೆ ಯಾರಿಗೆ ನಷ್ಟ? ಸತ್ತವಳಿಗೆ ಸನ್ಮಾನ, ಇದ್ದವರಿಗೆ ಮರ್ಯಾದೆ. ಬೀಗರು ಓದುವ ಪುಸ್ತಕವಲ್ಲವೇ?” ಎಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ತಮ್ಮನ್ನು ಎತ್ತಿ ಆಡಿಸಿದ ಅಜ್ಜಿಯ ಹೆಸರಿನ ಮುಂದೆ “ತಿಳಿಯದು” ಎಂದು ಅಚ್ಚಾಗುವದು ಅವರಿಗೆ ನೋವನ್ನುಂಟುಮಾಡಿತು. ಆದಕಾರಣ ಅವರ ಮಾತನ್ನು ಹಗುರವಾಗಿ ತಳ್ಳಿಬಿಡದೆ ತೂಗಿನೋಡಬೇಕು.

ಮೊದಲನೆಯದಾಗಿ, ಬರೆದದ್ದೆಲ್ಲಾ ಸತ್ಯ, ಹೇಳಿದ್ದೆಲ್ಲಾ ಸುಳ್ಳು ಎಂದು ಯಾರೂ ತೀರ್ಪುಮಾಡಬಾರದು. ಆಕೆಯ ವಯಸ್ಸು 1878ರಲ್ಲಿ ಸುಮಾರು 6, 1889ರ ವಿವಾಹದ ಪುಸ್ತಕದಲ್ಲಿ 18, 1941ರ ಸಮಾಧಿಯ ಪುಸ್ತಕದಲ್ಲಿ 75. ಈ ಮೂರು ಲೆಕ್ಕಗಳನ್ನು ಕೂಡಿಸಿ ನೋಡಿದರೆ ಆಕೆಯು 1872ರಲ್ಲಿಯೂ 1871ರಲ್ಲಿಯೂ 1866ರಲ್ಲಿಯೂ ಹುಟ್ಟಿದಂತಾಗುವದು. ಬರೆದವರು ಮನುಷ್ಯರೇ, ಊಹಿಸಿ ಬರೆದದ್ದೂ ಉಂಟು. ಆದರೂ ಒಂದು ಭೇದವಿದೆ. ಸಂಗತಿಯು ನಡೆದ ದಿವಸದಲ್ಲಿಯೇ, ಲಾಭವನ್ನು ನೋಡದವನು ಬರೆದ ಮಾತು ಒಂದು. ಮೂರು ತಲೆಗಳಾದ ಮೇಲೆ ಮರ್ಯಾದೆಯನ್ನು ಬಯಸುವವರು ಹೇಳುವ ಮಾತು ಇನ್ನೊಂದು. ಗೌಡರ ಮನೆಯ ಕಥೆಯನ್ನು “ಹೀಗೆ ಹೇಳುತ್ತಾರೆ” ಎಂದು ಬರೆಯಬಹುದು. “ಹೀಗೆ ಇತ್ತು” ಎಂದು ಬರೆಯುವದಕ್ಕೆ ನಮಗೆ ಅಧಿಕಾರವಿಲ್ಲ.

ಎರಡನೆಯದಾಗಿ, ಹಿರಿಯರ ಕುಂದುಗಳನ್ನೆಲ್ಲಾ ಸಂತೆಯಲ್ಲಿ ಸಾರಬೇಕೋ? ಬೇಡ. ನೋಹನು ಬೆತ್ತಲೆಯಾಗಿ ಬಿದ್ದಿದ್ದಾಗ ಅವನ ಇಬ್ಬರು ಮಕ್ಕಳು ಮುಖ ತಿರುಗಿಸಿಕೊಂಡು ಹಿಂದೆ ಹಿಂದೆ ನಡೆದು ತಂದೆಗೆ ವಸ್ತ್ರ ಹೊದಿಸಿದ್ದನ್ನು ನಾವು ಓದಿದ್ದೇವೆ. ಮೌನವು ಅನೇಕ ಸಾರಿ ಪ್ರೀತಿಯ ಕೆಲಸವೇ. ಆದರೆ ಹೊದಿಸುವದು ಬೇರೆ, ಬದಲುಮಾಡುವದು ಬೇರೆ. ಹೊದಿಸಿದ ವಸ್ತ್ರದ ಕೆಳಗೆ ಇದ್ದವನು ಅವರ ತಂದೆಯೇ. ನಾವು ಬರೆಯಬೇಕೆಂದಿದ್ದ ಗೌಡರ ಮಗಳಾದರೋ ನಮ್ಮ ಮುತ್ತಜ್ಜಿಯಲ್ಲ. ನಾವು ಕಲ್ಪಿಸಿಕೊಂಡ ಇನ್ನೊಬ್ಬಳು. ಆ ಇನ್ನೊಬ್ಬಳನ್ನು ಮನೆಯೊಳಗೆ ಕರೆದು ಕೂಡಿಸಿ, ಹಸಿದು ಬಂದ ನಿಜವಾದ ಕೂಸನ್ನು ಹೊರಗೆ ನಿಲ್ಲಿಸಿದರೆ, ಬರವು ಒಮ್ಮೆ ಅನಾಥಳನ್ನಾಗಿ ಮಾಡಿದವಳನ್ನು ಅವಳ ಸ್ವಂತ ಮೊಮ್ಮಕ್ಕಳು ಎರಡನೆಯ ಸಾರಿ ಅನಾಥಳನ್ನಾಗಿ ಮಾಡಿದಂತಾಗುವದು. ಹೆತ್ತವರನ್ನು ಗೌರವಿಸಬೇಕೆಂಬ ಆಜ್ಞೆಯು ಅವರು ಇದ್ದಂತೆಯೇ ಅವರನ್ನು ಅಂಗೀಕರಿಸುವದರಿಂದ ಆರಂಭವಾಗುತ್ತದೆ.

ಮೂರನೆಯದಾಗಿ, ಇದರಲ್ಲಿ ನಷ್ಟಪಡುವವರು ಯಾರೂ ಇಲ್ಲವೆಂಬದು ನಿಜವಲ್ಲ. ಅಜ್ಜಿಯ ಮರ್ಯಾದೆಗೆ ಗೌಡರ ಮನೆಯೇ ಬೇಕಾದರೆ, ಅದೇ ಪುಟದ ಹನ್ನೊಂದು ಮಕ್ಕಳಿಗೆ ಯಾವ ಮರ್ಯಾದೆಯನ್ನು ಉಳಿಸಿದೆವು? ಅವರು ಒಂದೇ ಗಡಿಗೆಯ ಅಂಬಲಿಯನ್ನು ಕುಡಿದು, ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಅವರ ಸಂತತಿಯವರು ಇಂದು ನಮ್ಮ ಪಕ್ಕದಲ್ಲಿಯೇ ಕುಳಿತು ಆರಾಧಿಸುತ್ತಾರೆ. ನಾವು ಬರೆಯುವ ಒಂದು ಸಾಲು ಅವರಿಗೆ, ನೀವು ನಮಗಿಂತ ಕೆಳಗಿನವರು ಎಂದು ಹೇಳಿದಂತಾಗದೋ? ಹಿಂದಿನ ಕುಲದ ಹೆಮ್ಮೆಯು ಸಭೆಯೊಳಗೆ ನುಸುಳುವ ಕಿಂಡಿಗಳಲ್ಲಿ ವಂಶಾವಳಿಯೂ ಒಂದು. ಬಾಬೆಲಿನ ಸೆರೆಯಿಂದ ತಿರುಗಿ ಬಂದವರಲ್ಲಿ ಕೆಲವರು ತಮ್ಮ ವಂಶದ ಪಟ್ಟಿಯನ್ನು ಹುಡುಕಿ ಕಾಣದೆ ಯಾಜಕತ್ವವನ್ನು ಕಳಕೊಂಡರೆಂದು ಎಜ್ರನ ಪುಸ್ತಕದಲ್ಲಿದೆ. ಮನುಷ್ಯರ ಪಟ್ಟಿಗಳು ಹೀಗೆ ಜನರನ್ನು ಹೊರಗಿಡಬಲ್ಲವು. ಮತ್ತಾಯನಾದರೋ ಕರ್ತನ ವಂಶಾವಳಿಯನ್ನು ಬರೆಯುವಾಗ ತಾಮಾರಳನ್ನೂ ರಾಹಾಬಳನ್ನೂ ಪರದೇಶಿಯಾದ ರೂತಳನ್ನೂ ಊರೀಯನ ಹೆಂಡತಿಯಾಗಿದ್ದವಳನ್ನೂ ಬಿಡಲಿಲ್ಲ. ಹೆಮ್ಮೆಗಾಗಿ ಬರೆಯುವವನು ಮೊದಲು ಅಳಿಸುತ್ತಿದ್ದ ಹೆಸರುಗಳು ಇವೇ ಅಲ್ಲವೇ?

ಇದನ್ನೆಲ್ಲಾ ನಾನು ಮಾವನವರಿಗೆ ಹೇಳಿದೆನು. ಆದರೆ ಅವರ ಮನಸ್ಸನ್ನು ತಿರುಗಿಸಿದ್ದು ನನ್ನ ತರ್ಕವಲ್ಲ, ಸಭೆಯ ಪುಸ್ತಕವೇ. 1889ರ ವಿವಾಹದ ಪುಸ್ತಕದಲ್ಲಿ ವಧುವಿನ ತಂದೆಯ ಹೆಸರಿನ ಸ್ಥಳದಲ್ಲಿ ಒಂದು ಗೆರೆಯನ್ನು ಮಾತ್ರ ಎಳೆದಿದ್ದರು. ಆದರೆ ಕೆಳಗೆ, ವರನು ಹೆಬ್ಬೆಟ್ಟನ್ನು ಒತ್ತಿದ ಪುಟದಲ್ಲಿಯೇ, ನನ್ನ ಮುತ್ತಜ್ಜಿಯು ದಪ್ಪವಾದ ಕನ್ನಡ ಅಕ್ಷರಗಳಲ್ಲಿ ತನ್ನ ಹೆಸರನ್ನು ತಾನೇ ಬರೆದಿದ್ದಳು. ಮುಂದೆ 1897ರಲ್ಲಿಯೂ 1900ರಲ್ಲಿಯೂ, ಮತ್ತೆ ಬರಗಾಲಗಳು ಬಂದಾಗ, ದೀಕ್ಷಾಸ್ನಾನದ ಪುಸ್ತಕದಲ್ಲಿ “ತಂದೆ ತಿಳಿಯದು, ತಾಯಿ ತಿಳಿಯದು” ಎಂದು ಬರೆದ ನಾಲ್ಕು ಮಕ್ಕಳ ಹೆಸರುಗಳು ಸಿಕ್ಕಿದವು. ಆ ನಾಲ್ವರ ಮುಂದೆಯೂ ಸಾಕ್ಷಿಯ ಸ್ಥಳದಲ್ಲಿ ಅದೇ ದಪ್ಪ ಅಕ್ಷರಗಳು ಇದ್ದವು. ತನ್ನ ಪಾಲಿಗೆ ಯಾರ ಹೆಸರೂ ಇಲ್ಲದಿದ್ದವಳು ಇತರರ ಪಾಲಿಗೆ ತನ್ನ ಹೆಸರನ್ನು ಕೊಟ್ಟಿದ್ದಳು.

ಮಾವನವರು ಆ ಪುಟದ ಮೇಲೆ ಬೆರಳಿಟ್ಟುಕೊಂಡು ಓದಿದರು, ತಿರುಗಿ ಓದಿದರು. ಅನಂತರ, “ಇದ್ದದ್ದನ್ನು ಇದ್ದ ಹಾಗೆ ಅಚ್ಚುಹಾಕಿಸು. ಗೌಡರ ಮಾತು ಬೇಡ. ಈ ನಾಲ್ಕು ಮಕ್ಕಳ ಮಾತನ್ನು ಮಾತ್ರ ಬಿಡಬೇಡ” ಎಂದರು. ಹಾಗೆಯೇ ಆಯಿತು. ಬೀಗರು ಓದಿದರು, ಮದುವೆಯೂ ನಡೆಯಿತು.

ಪ್ರಿಯರೇ, ಹುಡುಕುವ ಸೌಕರ್ಯಗಳು ಈಗ ಹೆಚ್ಚಾಗಿವೆ. 1969ರ ಕಾನೂನಿನ ಪ್ರಕಾರ ಪ್ರತಿಯೊಂದು ಜನನವನ್ನೂ ಮರಣವನ್ನೂ ಸರಕಾರದಲ್ಲಿ ಬರೆಯಿಸಬೇಕು. ಬಾಸೆಲ್ ಮಿಶನಿನ ಹಳೆಯ ಛಾಯಾಚಿತ್ರಗಳನ್ನು ಮನೆಯಲ್ಲಿ ಕುಳಿತೇ ಗಣಕಯಂತ್ರದಲ್ಲಿ ನೋಡಬಹುದು. ಆದರೆ ಹಳ್ಳಿಯ ಸಭೆಯ ಪೆಟ್ಟಿಗೆಯಲ್ಲಿರುವ ಹಳೆಯ ಪುಸ್ತಕವು ಗೆದ್ದಲಿನ ಪಾಲಾದರೆ ಅದನ್ನು ತಿರುಗಿ ಬರೆಯುವವರಿಲ್ಲ. ಆದಕಾರಣ ಅದನ್ನು ಒಣಗಿದ ಸ್ಥಳದಲ್ಲಿ ಕಾದಿಡಿರಿ; ಮನೆಯ ಮುದುಕರು ಬದುಕಿರುವಾಗಲೇ ಅವರ ಮಾತುಗಳನ್ನು ಬರೆದುಕೊಳ್ಳಿರಿ; ಯಾರಿಂದ ಕೇಳಿದಿರೆಂಬದನ್ನೂ ಕೂಡಿಸಿರಿ. ತಿಳಿಯದ ಸ್ಥಳವನ್ನು ತಿಳಿಯದು ಎಂದೇ ಬಿಡಿರಿ. ಆ ಸ್ಥಳವನ್ನು ತುಂಬಿಸುವದು ನಮ್ಮ ಕೆಲಸವಲ್ಲ; ಅಲ್ಲಿ ಬರೆಯತಕ್ಕ ಹೆಸರುಗಳನ್ನು ಬಲ್ಲಾತನು ಒಬ್ಬನಿದ್ದಾನೆ, ಆತನ ಪುಸ್ತಕದಲ್ಲಿ ಖಾಲಿ ಸಾಲುಗಳಿಲ್ಲ.