ನ್ಯಾಸಾಪಹಾರ: ಒಟ್ಟಿಗೆ ಬಾಳಿದವರ ಸೊತ್ತು ಯಾರದು?

ಕಳೆದ ವರ್ಷ ದಶಲಕ್ಷಣ ಪರ್ವ ಮುಗಿದ ಕೆಲವು ದಿನಗಳಲ್ಲಿ ನಮ್ಮ ಸಮಾಜದ ಹಿರಿಯರೊಬ್ಬರು ಪಾಸುಪುಸ್ತಕಗಳ ಕಟ್ಟೊಂದನ್ನು ಹಿಡಿದು ಕಾರ್ಕಳದ ನನ್ನ ಅಂಗಡಿಗೆ ಬಂದರು. ಮಣಿಪಾಲದಲ್ಲಿ ಉದ್ಯೋಗದಲ್ಲಿದ್ದ ಅವರ ಅವಿವಾಹಿತ ಮಗನು ಅಕಾಲದಲ್ಲಿ ತೀರಿಕೊಂಡಿದ್ದನು. ಅಲ್ಲಿಯ ಒಂದು ಫ್ಲ್ಯಾಟು ಅವನ ಹೆಸರಿನಲ್ಲಿತ್ತು. ಹನ್ನೊಂದು ವರ್ಷ ಅದೇ ಮನೆಯಲ್ಲಿ ಇನ್ನೊಬ್ಬ ಯುವಕನು ಅವನೊಡನೆ ಬಾಳಿದ್ದನು. ಆ ಸಂಬಂಧ ಏನೆಂಬುದು ತಂದೆತಾಯಿಗಳಿಗೆ ತಿಳಿದಿತ್ತು. ಮಾತಿಗೆ ಮಾತ್ರ ಬಂದಿರಲಿಲ್ಲ. ಲೆಕ್ಕ ನೋಡುತ್ತ ಹೋದಂತೆ ಸಾಲದ ಕಂತಿನ ಹೆಚ್ಚುಕಡಿಮೆ ಅರ್ಧ ಹಣ ತಿಂಗಳು ತಿಂಗಳೂ ಆ ಯುವಕನ ಖಾತೆಯಿಂದ ಬಂದಿರುವುದು ಕಂಡಿತು. ಹಿರಿಯರು ಕೇಳಿದರು: "ಕಾನೂನಿನಂತೆ ಮನೆ ಇವನ ತಾಯಿಗೆ ಸೇರುತ್ತದೆ ಎನ್ನುತ್ತಾರೆ. ಹಾಗಾದರೆ ಅದು ನಮ್ಮದೇ ಅಲ್ಲವೆ, ನೀವೇ ಹೇಳಿ. ಮಾರಿ ಬಂದುದರಲ್ಲಿ ಒಂದು ಪಾಲನ್ನು ಬಸದಿಯ ಜೀರ್ಣೋದ್ಧಾರಕ್ಕೆ ಕೊಡುವ ಮನಸ್ಸಿದೆ."

ಕಾನೂನಿನ ಉತ್ತರ ಸುಲಭ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಹೆಂಡತಿ ಮಕ್ಕಳಿಲ್ಲದೆ, ಉಯಿಲನ್ನೂ ಬರೆಯದೆ ತೀರಿಹೋದ ಪುರುಷನ ಸ್ವಯಾರ್ಜಿತಕ್ಕೆ ತಾಯಿಯೇ ಮೊದಲ ವರ್ಗದ ವಾರಸುದಾರಳು. ಒಟ್ಟಿಗೆ ಬಾಳಿದವನಿಗೆ ಯಾವ ವರ್ಗದಲ್ಲಿಯೂ ಸ್ಥಳವಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇಂತಹ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. 2023ರ ಅಕ್ಟೋಬರ್ 17ರಂದು ಅದನ್ನು ವಿವಾಹವೆಂದು ಮಾನ್ಯ ಮಾಡಲು ಒಪ್ಪಲಿಲ್ಲ. ಜೈಲಿನ ಭಯ ಹೋಯಿತು, ವಾರಸಿನ ಹಕ್ಕು ಬರಲಿಲ್ಲ.

ಇದು ನಮಗೆ ಸಂಬಂಧಿಸದ ವಿಷಯವೆಂದು ಪುಟ ತಿರುವುವ ಶ್ರಾವಕ ಬಂಧುಗಳು ಒಂದು ಕ್ಷಣ ನಮ್ಮ ಅಜ್ಜಂದಿರ ಕಾಲವನ್ನು ನೆನೆಯಬೇಕು. ಇಂದ್ರರ ಮನೆತನಗಳನ್ನು ಬಿಟ್ಟರೆ ತುಳುನಾಡಿನ ಜೈನರಲ್ಲಿ ಹೆಚ್ಚಿನವರು ಅಳಿಯಕಟ್ಟಿನವರು. ಗಂಡ ದುಡಿದು ಗಳಿಸಿದುದು ಅವನ ತಾಯಿಯ ಕುಟುಂಬಕ್ಕೆ ಹೋಗುತ್ತಿತ್ತು. ಅವನೊಡನೆ ಬಾಳಿದ ಹೆಂಡತಿಗೂ ಅವಳ ಮಕ್ಕಳಿಗೂ ಅದರಲ್ಲಿ ವಾರಸು ಇರಲಿಲ್ಲ. 19ನೆಯ ಶತಮಾನದಲ್ಲಿ ಮದ್ರಾಸ್ ಹೈಕೋರ್ಟು ಕೆಲವು ತೀರ್ಪುಗಳಲ್ಲಿ ಅಳಿಯಸಂತಾನದವರ ದಾಂಪತ್ಯವನ್ನು ಕಾನೂನಿನ ಅರ್ಥದ ವಿವಾಹವೆಂದೇ ಎಣಿಸಲಿಲ್ಲ. ನಮ್ಮ ಮುತ್ತಜ್ಜಿಯರು ನ್ಯಾಯಾಲಯದ ಕಣ್ಣಿಗೆ ಹೆಂಡತಿಯರಾಗಿರಲಿಲ್ಲ! ಕೊನೆಗೆ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಹೆಂಡತಿ ಮಕ್ಕಳಿಗೆ ಸ್ವಯಾರ್ಜಿತದಲ್ಲಿ ಹಕ್ಕನ್ನು ಕೊಟ್ಟಿತು. ಅದಕ್ಕೆ ಮೊದಲು ಮಡದಿಯ ಮೇಲೆ ಮಮತೆಯಿದ್ದ ಗಂಡಸರು ಬದುಕಿದ್ದಾಗಲೇ ದಾನಪತ್ರ ಬರೆಯುತ್ತಿದ್ದರು, ಅವಳ ಹೆಸರಿನಲ್ಲಿಯೇ ಭೂಮಿ ಕೊಳ್ಳುತ್ತಿದ್ದರು. ಕಾಗದ ಮಾಡದೆ ಸತ್ತವನ ಮಡದಿ ಮಕ್ಕಳೊಡನೆ ತವರಿಗೆ ಮರಳುತ್ತಿದ್ದಳು.

ಶಾಸ್ತ್ರ ಏನು ಹೇಳುತ್ತದೆ? ಸ್ವದಾರಸಂತೋಷ ವ್ರತದ ದೃಷ್ಟಿಯಿಂದ ಈ ಸಂಬಂಧ ಸರಿಯೆ ಎಂದು ಚರ್ಚಿಸುವವರು ಚರ್ಚಿಸಲಿ. ನಾನು ಒಂದನ್ನು ಮಾತ್ರ ನೆನಪಿಸುತ್ತೇನೆ. ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ದ್ರವ್ಯವೇದ, ಭಾವವೇದಗಳು ಬಹುಪಾಲು ಒಂದೇ ಬಗೆಯಾಗಿದ್ದರೂ ಕೆಲವೆಡೆ ಬೇರೆಯಾಗಿರುತ್ತವೆ ಎಂದಿದ್ದಾರೆ. ದೇಹದ ಚಿಹ್ನೆ ಒಂದು, ಅಂತರಂಗದ ಒಲವು ಇನ್ನೊಂದು ಇರಬಹುದೆಂಬುದು ನಮ್ಮ ಆಚಾರ್ಯರಿಗೆ ಹೊಸ ಸಂಗತಿಯಲ್ಲ. ಮೂರು ವೇದಗಳೂ ನೋಕಷಾಯಗಳೇ. ಅದೇ ಒಂಬತ್ತರ ಪಟ್ಟಿಯಲ್ಲಿ ಜುಗುಪ್ಸೆಯೂ ಇದೆ. ಅನ್ಯರ ಒಲವನ್ನು ಕಂಡು ಅಸಹ್ಯಪಡುವವನೂ ಮೋಹನೀಯ ಕರ್ಮವನ್ನೇ ಕಟ್ಟಿಕೊಳ್ಳುತ್ತಾನೆ.

ಆದರೆ ಸೊತ್ತಿನ ಪ್ರಶ್ನೆ ಬ್ರಹ್ಮಚರ್ಯಾಣುವ್ರತದ್ದಲ್ಲ, ಸತ್ಯಾಣುವ್ರತದ್ದು. ತತ್ತ್ವಾರ್ಥಸೂತ್ರವು ಆ ವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರ ಒಂದು: ನಂಬಿ ಇಟ್ಟ ಠೇವಣಿಯನ್ನು, ಇಟ್ಟವನು ಕೇಳಲಾರದ ಸಂದರ್ಭ ನೋಡಿ ನುಂಗುವುದು. ಆ ಯುವಕನು ಮನೆಗೆ ಹಾಕಿದ ಹಣ ಠೇವಣಿಯಲ್ಲದೆ ಮತ್ತೇನು? ಗುಟ್ಟಾಗಿ ನಡೆದುದನ್ನು ಬಯಲುಮಾಡುವ ರಹೋಭ್ಯಾಖ್ಯಾನವೂ ಅದೇ ಐದರಲ್ಲಿ ಸೇರಿದೆ. ಆದುದರಿಂದಲೇ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಇನ್ನು ಬಸದಿಯ ಪಾಲಿನ ಮಾತು. ಅಪಹರಿಸಿದುದನ್ನು ಸ್ವೀಕರಿಸುವುದು ತದಾಹೃತಾದಾನ, ಅಚೌರ್ಯ ವ್ರತದ ಅತಿಚಾರ. ನಮ್ಮ ಟ್ರಸ್ಟುಗಳು ರಶೀದಿ ಹರಿಯುವ ಮೊದಲು ಹಣದ ಮೂಲವನ್ನು ಒಮ್ಮೆ ಕೇಳುವ ಪದ್ಧತಿ ಇಟ್ಟುಕೊಂಡರೆ ಒಳ್ಳೆಯದು. (ನಾವು ಕೇಳುವುದಿಲ್ಲ. ಶಿಲಾಫಲಕದ ಅಳತೆಯನ್ನಷ್ಟೇ ಕೇಳುತ್ತೇವೆ.)

ಬದುಕಿರುವವರಿಗೆ ಈಗ ಕೆಲವು ದಾರಿಗಳಿವೆ. ಸಲಿಂಗ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ರಿಸರ್ವ್ ಬ್ಯಾಂಕು 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಆದರೆ ಕಾರ್ಪೊರೇಶನ್ ಬ್ಯಾಂಕೂ ಸಿಂಡಿಕೇಟ್ ಬ್ಯಾಂಕೂ ಹುಟ್ಟಿದ ಈ ಉಡುಪಿಯಲ್ಲಿಯೂ ನಾಮಿನಿಯೇ ಒಡೆಯನೆಂಬ ತಪ್ಪುಕಲ್ಪನೆ ಹೋಗಿಲ್ಲ. ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವನು ಮಾತ್ರ. ಜೀವವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 1983ರಲ್ಲಿಯೇ ಹಾಗೆ ಹೇಳಿತು. ವಿಮೆಯ ಹಣ ನಾಮಿನಿಗೇ ಉಳಿಯುವಂತೆ 2015ರಲ್ಲಿ ಮಾಡಿದ ತಿದ್ದುಪಡಿ ತಂದೆತಾಯಿ, ಗಂಡ ಹೆಂಡತಿ, ಮಕ್ಕಳಿಗೆ ಸೀಮಿತ. ಗಂಡನು ಹೆಂಡತಿಗೆ ಎಷ್ಟು ಕೊಟ್ಟರೂ ಅವಳಿಗೆ ಅದು ಆದಾಯವಲ್ಲ. ಇವರಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಉಡುಗೊರೆ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಪಡೆದವರಿಗೆ ಆದಾಯ ತೆರಿಗೆ. ಹೆಂಡತಿಯ ಹೆಸರಿನಲ್ಲಿ ಗಂಡನು ಮನೆ ಕೊಳ್ಳಲು ಬೇನಾಮಿ ಕಾನೂನಿನಲ್ಲಿರುವ ವಿನಾಯಿತಿಯೂ ಇವರಿಗಿಲ್ಲ. ಹೀಗಾಗಿ ಕ್ರಯಪತ್ರದಲ್ಲಿ ಇಬ್ಬರ ಹೆಸರೂ, ಇಬ್ಬರ ಪಾಲೂ ಮೊದಲೇ ಬರೆದಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಉಯಿಲು. ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳು ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ತಕರಾರು ಕಡಿಮೆ. ಉಯಿಲಿನಿಂದ ಬಂದುದಕ್ಕೆ ಆ ಉಡುಗೊರೆಯ ತೆರಿಗೆಯಿಲ್ಲ. ಹೆಂಗಸರಿಬ್ಬರು ಒಟ್ಟಿಗಿದ್ದರೆ ಇನ್ನೂ ಜಾಗ್ರತೆ ಬೇಕು: ಮಕ್ಕಳಿಲ್ಲದ ವಿಧವೆ ಉಯಿಲಿಲ್ಲದೆ ತೀರಿಕೊಂಡರೆ ಅವಳ ಸ್ವಂತ ದುಡಿಮೆಯೂ ಗಂಡನ ವಾರಸುದಾರರಿಗೆ ಹೋಗುತ್ತದೆ.

ಆ ಮಗನು ಉಯಿಲು ಬರೆದಿರಲಿಲ್ಲ. ಮೂವತ್ತೆಂಟನೆಯ ವಯಸ್ಸಿಗೆ ಯಾರು ಬರೆಯುತ್ತಾರೆ?

ಮುಂದಿನ ವಾರ ಹಿರಿಯರು ಪತ್ನಿಯನ್ನೂ ಕರೆತಂದರು. ಆ ತಾಯಿ ಎಲ್ಲವನ್ನೂ ಕೇಳಿ, "ಅವನಿಗೆ ಅರ್ಧ ದಾನ ಕೊಟ್ಟುಬಿಡುತ್ತೇನೆ" ಎಂದರು. ಪರರಿಗೆ ದಾನವೆಂದರೆ ಕುಟುಂಬದವರಿಗಿರುವ ಮುದ್ರಾಂಕ ಶುಲ್ಕದ ರಿಯಾಯಿತಿ ಸಿಗದು, ಪಡೆದವನಿಗೆ ತೆರಿಗೆ ಬೇರೆ ಎಂದೆನು. ಅಲ್ಲದೆ ಅದು ದಾನವೂ ಅಲ್ಲ. ಇಟ್ಟ ಹಣವನ್ನು ಮರಳಿಸುವುದು. ಬ್ಯಾಂಕಿನ ದಾಖಲೆ ಪೂರ್ತಿ ಇದ್ದುದರಿಂದ ಹಾಗೆಯೇ ಲೆಕ್ಕ ಬರೆಯಲು ಸಾಧ್ಯವಿತ್ತು. ಕಂತುಗಳನ್ನು ಒಂದೊಂದಾಗಿ ಕೂಡಿಸಿ ಮೊತ್ತ ತೋರಿಸಿದೆನು. ಬಡ್ಡಿಯನ್ನೂ ಸೇರಿಸಿ ಎಂದರು. ಯಾವ ದರವೆಂದು ಕೇಳಿದೆನು. "ನನ್ನ ಮಗ ಬ್ಯಾಂಕಿಗೆ ಯಾವ ದರ ಕಟ್ಟುತ್ತಿದ್ದನೋ ಅದೇ ಇರಲಿ" ಎಂದರು.